ಎಲೆಯ ಅಡಿಯ ನುಸಿ: ಕುಂಡದ ಗಿಡ ಬೆಳೆಸುವವರಿಗೆ ಒಂದು ಬಹಿರಂಗ ಪತ್ರ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಮನೆಯೊಳಗೆ, ಪಡಸಾಲೆಯಲ್ಲಿ, ಮಾಳಿಗೆಯ ಮೇಲೆ ಕುಂಡಗಳಲ್ಲಿ ಗಿಡ ಬೆಳೆಸುತ್ತಿರುವ ತಾಯಂದಿರಿಗೆ, ಹಿರಿಯರಿಗೆ, ಶಾಲೆ ಮತ್ತು ಅಂಗನವಾಡಿಗಳ ಶಿಕ್ಷಕಿಯರಿಗೆ,



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದೊಡನೆ ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ತುಳಸಿ, ಗುಲಾಬಿ, ದಾಸವಾಳ, ಕ್ರೋಟನ್ ಮೊದಲಾದ ಕುಂಡದ ಗಿಡಗಳ ಎಲೆಗಳು ಹಸಿರು ಕಳೆದುಕೊಂಡು ಮಂಕಾಗಿ, ಕೆಲವೇ ವಾರಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಕುಡಿಗಳಲ್ಲಿ ನವಿರಾದ ಬಲೆ ಕಟ್ಟಿಕೊಂಡು ಉದುರುವುದುಂಟು. ಇದಕ್ಕೆ ಬಹುಮಟ್ಟಿಗೆ ಕಾರಣವಾಗಿರುವುದು ಜೇಡನುಸಿ ಎಂಬ, ಬರಿಗಣ್ಣಿಗೆ ಸುಲಭವಾಗಿ ಕಾಣಿಸದ ಜೀವಿ. ಆದರೆ ಅದು ಕಾಣಿಸದ ಕಾರಣ ಗಿಡಕ್ಕೆ ನೀರು ಸಾಲದೆಂದು ಬಗೆದು ಕೆಲವರು ನೀರು ಹೆಚ್ಚಿಸುತ್ತಾರೆ, ಸತ್ವ ಸಾಲದೆಂದು ಬಗೆದು ಕೆಲವರು ಚೀಲದಲ್ಲಿ ಉಳಿದ ಯೂರಿಯಾವನ್ನು ಒಂದು ಹಿಡಿ ಹಾಕುತ್ತಾರೆ, ಹುಳ ಬಿದ್ದಿದೆಯೆಂದು ಬಗೆದ ಇನ್ನು ಕೆಲವರು ತೊಗರಿಗೋ ಹತ್ತಿಗೋ ತಂದು ಉಳಿಸಿಕೊಂಡ 'ಎಣ್ಣಿ'ಯನ್ನು, ಎಂದರೆ ಹೊಲದ ಕೀಟನಾಶಕವನ್ನು, ಮನೆಯ ಗಿಡಕ್ಕೂ ಹೊಡೆಯುತ್ತಾರೆ. ಈ ಕೊನೆಯ ರೂಢಿ ಮನೆಮಂದಿಗೆ ಅಪಾಯಕಾರಿಯಾದದ್ದು ಮಾತ್ರವಲ್ಲ, ನುಸಿಯನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುವಂಥದ್ದೂ ಹೌದು. ಆ ಬಾಟಲಿ ಹೊಲದಿಂದ ಪಡಸಾಲೆಯ ಕುಂಡದವರೆಗೆ ಬಾರದಿರಲಿ ಎಂಬ ಕಳಕಳಿಯಿಂದ, ಅದಿಲ್ಲದೆಯೇ ನುಸಿಯನ್ನು ಕಳೆಯುವ ಬಗೆಯನ್ನು ವಿವರಿಸುವುದಕ್ಕಾಗಿ ಈ ಪತ್ರವನ್ನು ಬರೆಯಲಾಗಿದೆ.

ಜೇಡನುಸಿ ಕೀಟವಲ್ಲ. ಕೀಟಗಳಿಗೆ ಆರು ಕಾಲುಗಳಿದ್ದರೆ ಇದಕ್ಕೆ, ಮೊಟ್ಟೆಯೊಡೆದು ಹೊರಬಂದ ಮೊದಲ ಹಂತವೊಂದನ್ನು ಬಿಟ್ಟು, ಎಂಟು ಕಾಲುಗಳಿರುತ್ತವೆ. ಜೇಡ, ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದ ಇದು ಜೇಡದಂತೆಯೇ ಎಳೆ ನೇಯುವುದರಿಂದ ಈ ಹೆಸರು ಬಂದಿದೆ. ಲೋಕದಲ್ಲೆಲ್ಲ ಹರಡಿರುವ ಇದರ ಮುಖ್ಯ ಜಾತಿಗೆ ಬೆನ್ನಿನ ಎರಡು ಮಗ್ಗುಲಲ್ಲಿ ಕಾಣುವ ಕಪ್ಪು ಮಚ್ಚೆಗಳಿಂದಾಗಿ ಎರಡು ಚುಕ್ಕೆಯ ಜೇಡನುಸಿ ಎನ್ನುತ್ತಾರೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕೋಖ್ 1836ರಲ್ಲಿ ವರ್ಣಿಸಿದ ಈ ಜಾತಿಯ ಶಾಸ್ತ್ರೀಯ ಹೆಸರು ಟೆಟ್ರಾನಿಕಸ್ ಅರ್ಟಿಸೇ. ಬೆಚ್ಚಗಿನ ಸೀಮೆಗಳಲ್ಲಿ ಹೆಚ್ಚಾಗಿ ಕಾಣುವ ಇದರ ಕೆಂಪು ರೂಪವನ್ನೂ ಅದರ ಹತ್ತಿರದ ಬಂಧುಗಳನ್ನೂ ರೈತರು ಕೆಂಪು ನುಸಿ ಎಂದು ಗುರುತಿಸುತ್ತಾರೆ. ಬೆಳೆದ ಹೆಣ್ಣುನುಸಿಯ ಉದ್ದ ಸುಮಾರು ಅರ್ಧ ಮಿಲಿಮೀಟರು, ಗಂಡು ಅದಕ್ಕಿಂತ ಚಿಕ್ಕದು. ಮೆಣಸಿನ ಗಿಡಕ್ಕೆ ಮುಟುರು ತರುವ ಥ್ರಿಪ್ಸ್ ಕೀಟವನ್ನೂ ನುಸಿಯೆಂದೇ ಕರೆಯುವ ವಾಡಿಕೆಯಿರುವುದರಿಂದ, ಔಷಧದ ಅಂಗಡಿಯಲ್ಲಿ 'ನುಸಿಗೆ ಏನಾದರೂ ಕೊಡಿ' ಎಂದು ಕೇಳಿದವರ ಕೈಗೆ ಥ್ರಿಪ್ಸ್ ಕೊಲ್ಲುವ, ಆದರೆ ಜೇಡನುಸಿಗೆ ಏನೂ ಮಾಡದ ಔಷಧ ಸೇರುವ ಸಂಭವವಿರುತ್ತದೆ.

ಇದರ ಸಂತಾನವೃದ್ಧಿಯ ವೇಗವನ್ನು ತಿಳಿಯದೆ ಇದನ್ನು ಗೆಲ್ಲಲಾಗದು. ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎರಡು ಎಳೆಯ ಹಂತಗಳು, ಪ್ರೌಢಾವಸ್ಥೆ ಎಂಬ ಕ್ರಮದಲ್ಲಿ, ನಡುನಡುವೆ ಅಲುಗಾಡದೆ ಪೊರೆ ಕಳಚುವ ವಿರಾಮಗಳೊಂದಿಗೆ ಬೆಳೆಯುವ ಈ ಜೀವಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗಿನ ಪಯಣವನ್ನು ಒಂದು ವಾರದ ಆಸುಪಾಸಿನಲ್ಲಿ ಮುಗಿಸಿಬಿಡುತ್ತದೆ. ಒಂದು ಹೆಣ್ಣು ತನ್ನ ಕೆಲವೇ ವಾರಗಳ ಆಯುಷ್ಯದಲ್ಲಿ ನೂರರಷ್ಟು ಮೊಟ್ಟೆ ಇಡಬಲ್ಲುದು. ಗಂಡಿನ ಸಂಗವಿಲ್ಲದೆ ಇಟ್ಟ ಮೊಟ್ಟೆಗಳೂ ಒಡೆದು ಗಂಡುಗಳಾಗುವುದರಿಂದ, ಎಲೆಯ ಅಡಿಯಲ್ಲಿ ತಪ್ಪಿಸಿಕೊಂಡು ಉಳಿದ ಒಂಟಿ ಹೆಣ್ಣೊಂದೇ ಹೊಸ ಸಂಸಾರ ಹೂಡಲು ಸಾಕಾಗುತ್ತದೆ.

ಗುರುತಿಸುವ ಬಗೆ ಸರಳವಾಗಿದೆ. ನುಸಿ ತನ್ನ ಸೂಜಿಯಂಥ ಬಾಯಿಯಂಗಗಳನ್ನು ಎಲೆಯ ಜೀವಕೋಶದೊಳಗೆ ಚುಚ್ಚಿ ಹಸಿರು ದ್ರವವನ್ನು ಹೀರಿಕೊಳ್ಳುತ್ತದೆ. ಖಾಲಿಯಾದ ಪ್ರತಿಯೊಂದು ಕೋಶಸಮೂಹವೂ ಮೇಲ್ಭಾಗದಲ್ಲಿ ಬಿಳಿಚಿದ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ದಾಸವಾಳದ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ನಡುನರದ ಎರಡು ಪಕ್ಕದಲ್ಲಿ ಈ ಚುಕ್ಕೆಗಳು ಒತ್ತಾಗಿದ್ದು ಅಂಚಿನ ಕಡೆಗೆ ವಿರಳವಾಗುತ್ತ ಹೋಗಿರುವುದು ಕಾಣುತ್ತದೆ. ಎಲೆಯನ್ನು ಮಗುಚಿದರೆ ಅದೇ ನರದ ಸಂದಿಯಲ್ಲಿ ದೂಳಿನಂತೆ ಅಂಟಿದ ಬಿಳಿ ಪೊರೆಗಳು, ಗುಂಡಗಿನ ಪಾರದರ್ಶಕ ಮೊಟ್ಟೆಗಳು, ಅವುಗಳ ನಡುವೆ ನಿಧಾನವಾಗಿ ಸರಿದಾಡುವ ಕಣಗಳು ಇರುತ್ತವೆ. ಕಣ್ಣು ಮಂಜಾದ ಹಿರಿಯರು ಅಂಥ ಎಲೆಯನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿನಿಂದ ತಟ್ಟಿ, ಅರೆನಿಮಿಷ ಕಾದು, ಉದುರಿದ ಕಣಗಳಲ್ಲಿ ಯಾವುವಾದರೂ ಚಲಿಸುತ್ತವೆಯೇ ಎಂದು ನೋಡಬಹುದು. ಚಲಿಸಿದ ಕಣವನ್ನು ಬೆರಳಿನಿಂದ ಒರೆಸಿದಾಗ ಹಸಿರು ಅಥವಾ ಕೆಂಪು ಗೆರೆ ಮೂಡಿದರೆ ಅದು ದೂಳಲ್ಲವೆಂದು ತಿಳಿಯಬೇಕು. ಬಲೆ ಕಾಣಿಸಿಕೊಳ್ಳುವವರೆಗೆ ಕಾಯಬಾರದು, ಏಕೆಂದರೆ ಕುಡಿಯಲ್ಲಿ ಬಲೆ ಕಟ್ಟಿದೆಯೆಂದರೆ ಆ ಗಿಡದಲ್ಲಿ ನುಸಿಗೆ ಜಾಗ ಸಾಲದೆ ಅವು ಎಳೆ ಹಿಡಿದು ಗಾಳಿಗೆ ತೇಲಿ ಪಕ್ಕದ ಕುಂಡಕ್ಕೆ ಹೊರಡುವ ಸಿದ್ಧತೆಯಲ್ಲಿವೆ ಎಂದರ್ಥ.

ಬಯಲಿನ ಗಿಡಕ್ಕಿಂತ ಮನೆಯೊಳಗಿನ ಗಿಡಕ್ಕೆ ಈ ಪೀಡೆ ಏಕೆ ಹೆಚ್ಚು ಎಂಬುದಕ್ಕೆ ಈ ಸೀಮೆಯ ಹವಾಮಾನದಲ್ಲೇ ಉತ್ತರವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಬಯಲಿನ ಉಷ್ಣತೆ 40 ಡಿಗ್ರಿ ದಾಟುವಾಗ ಆ ಸುಡುಬಿಸಿಲು ನುಸಿಗೂ ಹಿತವಲ್ಲ. ಆದರೆ ಕಲ್ಲಿನ ಗೋಡೆ, ಶಹಾಬಾದ ಪರಸಿಯ ನೆಲವಿರುವ ಪಡಸಾಲೆಯ ನೆರಳಿನಲ್ಲಿ ಉಷ್ಣತೆ 30ರಿಂದ 35 ಡಿಗ್ರಿಗಳ ಆಸುಪಾಸಿನಲ್ಲಿ ನಿಂತು, ಗಾಳಿ ಮಾತ್ರ ಒಣಗಿರುವುದರಿಂದ, ಅದಕ್ಕೆ ಬೇಕಾದ ಹದ ಅಲ್ಲಿ ತಾನಾಗಿ ಒದಗುತ್ತದೆ. ಹೊರಗಿನ ಗಿಡದ ನುಸಿಯನ್ನು ಮಳೆ ತೊಳೆಯುತ್ತದೆ, ಗುಲಗಂಜಿ ಹುಳುವಿನ ಜಾತಿಯ ಸಣ್ಣ ಕರಿ ಜೀರುಂಡೆಗಳೂ ನುಸಿಯನ್ನೇ ತಿಂದು ಬದುಕುವ ಪರಭಕ್ಷಕ ನುಸಿಗಳೂ ಹಿಡಿತದಲ್ಲಿಡುತ್ತವೆ. ಒಳಗಿನ ಗಿಡಕ್ಕೆ ಈ ಎರಡೂ ಕಾವಲುಗಳಿಲ್ಲ. ಭೀಮಾ ತೀರದ ಊರುಗಳಲ್ಲಾಗಲಿ, ಅಮರ್ಜಾ ಜಲಾಶಯದ ಸುತ್ತಿನ ಹಳ್ಳಿಗಳಲ್ಲಾಗಲಿ ನೀರು ಹತ್ತಿರವಿದ್ದ ಮಾತ್ರಕ್ಕೆ ಮನೆಯೊಳಗಿನ ಗಾಳಿ ತೇವಗೊಳ್ಳುವುದಿಲ್ಲ. ಕರಿಮಣ್ಣಿನ ದಾರಿಗಳಿಂದ ಏಳುವ ದೂಳು ಎಲೆಗಳ ಮೇಲೆ ಕೂತು ಇದೆಲ್ಲವನ್ನೂ ಇನ್ನಷ್ಟು ಬಿಗಡಾಯಿಸುತ್ತದೆ.

ಈಗ ಎಣ್ಣಿಯ ಮಾತು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿಯ ಬಳಕೆ ವ್ಯಾಪಕವಾದಾಗ, ಅದುವರೆಗೆ ಅಷ್ಟಾಗಿ ಲೆಕ್ಕಕ್ಕಿಲ್ಲದ ಜೇಡನುಸಿ ಅಮೆರಿಕ ಮತ್ತು ಯುರೋಪಿನ ಹಣ್ಣಿನ ತೋಟಗಳಲ್ಲಿ ದೊಡ್ಡ ಪಿಡುಗಾಗಿ ತಲೆಯೆತ್ತಿತು. ಆ ವಿಷ ನುಸಿಯನ್ನು ಕೊಲ್ಲದೆ ಅದರ ವೈರಿಗಳನ್ನು ಮಾತ್ರ ಕೊಂದದ್ದು ಅದಕ್ಕೆ ಮುಖ್ಯ ಕಾರಣವಾಗಿತ್ತು. ಈ ಅನುಭವ ಹಳೆಯ ಕಾಲಕ್ಕೇ ಮುಗಿದಿಲ್ಲ. ಇಂದು ಬೀಜೋಪಚಾರದಿಂದ ಹಿಡಿದು ಹತ್ತಿಯ ರಸ ಹೀರುವ ಕೀಟಗಳವರೆಗೆ ಎಲ್ಲದಕ್ಕೂ ಬಳಕೆಯಲ್ಲಿರುವ ಇಮಿಡಾಕ್ಲೊಪ್ರಿಡ್ ಎಂಬ ಕೀಟನಾಶಕವನ್ನು ನ್ಯೂಯಾರ್ಕ್ ನಗರದ ಎಲ್ಮ್ ಮರಗಳಿಗೆ ಕೊಟ್ಟಾಗ ಆ ಮರಗಳ ಮೇಲೆ ಜೇಡನುಸಿ ಉಕ್ಕೇರಿದ್ದನ್ನು, ವೈರಿಗಳು ಕುಗ್ಗಿದ್ದರ ಜೊತೆಗೆ ಅಂಥ ಎಲೆ ತಿಂದ ನುಸಿಗಳು ಹೆಚ್ಚು ಮೊಟ್ಟೆಯಿಟ್ಟದ್ದನ್ನೂ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಅದೇ ವರ್ಷ ಎರಡು ಚುಕ್ಕೆಯ ಜೇಡನುಸಿಯ ಸಂಪೂರ್ಣ ವಂಶವಾಹಿ ಮಾಹಿತಿ 'ನೇಚರ್' ಪತ್ರಿಕೆಯಲ್ಲಿ ಬೆಳಕಿಗೆ ಬಂದಾಗ, ವಿಷವನ್ನು ಮುರಿದು ನಿರುಪಯೋಗಿಯಾಗಿಸುವ ವಂಶವಾಹಿಗಳು ಅದರಲ್ಲಿ ವಿಪುಲವಾಗಿರುವುದು ತಿಳಿದುಬಂತು. ಸಾವಿರಕ್ಕೂ ಮಿಕ್ಕ ಜಾತಿಯ ಸಸ್ಯಗಳನ್ನು, ಅವುಗಳಲ್ಲಿರುವ ಬಗೆಬಗೆಯ ಕಹಿ ಮತ್ತು ವಿಷಗಳೊಡನೆ, ತಿಂದು ಅರಗಿಸಿಕೊಳ್ಳಬಲ್ಲ ಈ ಜೀವಿ ಮನುಷ್ಯ ತಯಾರಿಸಿದ ವಿಷಕ್ಕೂ ಬೇಗನೆ ಒಗ್ಗಿಕೊಳ್ಳುವುದರ ಗುಟ್ಟು ಅಲ್ಲಿದೆ.

ನುಸಿಗೆಂದೇ ದಶಕಗಳ ಕಾಲ ಅಂಗಡಿಗಳಲ್ಲಿ ದೊರೆಯುತ್ತಿದ್ದ ಡೈಕೊಫಾಲ್ ಎಂಬ ಔಷಧದ ಕತೆಯೂ ತಿಳಿದಿರುವುದು ಒಳ್ಳೆಯದು. ಡಿಡಿಟಿಯಿಂದಲೇ ತಯಾರಾಗುತ್ತಿದ್ದ ಅದನ್ನು, ಪರಿಸರದಲ್ಲಿ ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ಕೈಬಿಡುವುದಕ್ಕಾಗಿ ಏರ್ಪಟ್ಟ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ 2019ರಲ್ಲಿ ಸೇರಿಸಲಾಯಿತು. ಭಾರತ ಸರ್ಕಾರವೂ 2023ರಲ್ಲಿ ಅದನ್ನು ನಿಷೇಧಿಸಿತು. ಅಟ್ಟದ ಮೇಲೋ ದನದ ಕೊಟ್ಟಿಗೆಯ ಮಾಡದಲ್ಲೋ ಹಳೆಯ ಬಾಟಲಿ ಉಳಿದಿದ್ದರೆ ಅದನ್ನು ಕುಂಡಕ್ಕೆ ಬಳಸುವ ಪ್ರಶ್ನೆಯೇ ಬಾರದು. ಕೀಟನಾಶಕದ ಪ್ರತಿಯೊಂದು ಬಾಟಲಿಯ ಮೇಲೂ ಬಣ್ಣದ ತ್ರಿಕೋನವೊಂದು ಇರುತ್ತದೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಇವೆಲ್ಲಕ್ಕಿಂತ ಕಡಿಮೆ ವಿಷದ ಗುರುತು. ಮೊನೊಕ್ರೊಟೊಫಾಸ್ ಕೆಂಪು ತ್ರಿಕೋನದ ವಿಷ. ತರಕಾರಿಗಳ ಮೇಲೆ ಅದನ್ನು ಬಳಸಬಾರದೆಂದು 2005ರಲ್ಲೇ ನಿಷೇಧಿಸಲಾಗಿತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ 23 ಮಕ್ಕಳು ಮಧ್ಯಾಹ್ನದ ಊಟ ಮಾಡಿ ತೀರಿಕೊಂಡದ್ದು ಅಡುಗೆಯ ಎಣ್ಣೆಯಲ್ಲಿ ಇದೇ ವಿಷ ಬೆರೆತಿದ್ದರಿಂದ. ತೀರ್ಥದಲ್ಲಿ ಹಾಕುವ ತುಳಸಿದಳ, ಒಗ್ಗರಣೆಗೆ ಕಿತ್ತುಕೊಳ್ಳುವ ಕರಿಬೇವು, ಮಗು ಕೈಯಾಡಿಸುವ ಕುಂಡದ ಮಣ್ಣು ಇವುಗಳ ಮೇಲೆ ಅಂಥದ್ದನ್ನು ಸಿಂಪಡಿಸುವುದು ಎಂದರೆ ಏನೆಂಬುದನ್ನು ಈ ಒಂದು ಘಟನೆಯೇ ತಿಳಿಸುತ್ತದೆ. ಹೊಲದಲ್ಲಿ ಗಾಳಿಗೆ ಚದುರುವ ವಿಷದ ಹನಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಲ್ಲಿಗೂ ಹೋಗದೆ ಹಾಸಿಗೆ, ನೀರಿನ ಕೊಡ, ರೊಟ್ಟಿಯ ಬುಟ್ಟಿಗಳ ಮೇಲೆ ಕೂರುತ್ತದೆ. ಎಣ್ಣಿಯ ಖಾಲಿ ಡಬ್ಬಿಯನ್ನು ತೊಳೆದು ಕುಂಡವಾಗಿಸುವ, ನೀರಿನ ತಂಬಿಗೆಯಾಗಿಸುವ ಅಭ್ಯಾಸವೂ ನಿಲ್ಲಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಮದ್ದು ನೀರು, ಎರಡನೆಯದು ದಿನಗಳ ಲೆಕ್ಕ. ನುಸಿ ತಗುಲಿದ ಕುಂಡವನ್ನು ಅಂದೇ ಉಳಿದವುಗಳಿಂದ ದೂರಕ್ಕೆ, ಸಾಧ್ಯವಾದರೆ ಬೇರೆ ಕೋಣೆಗೆ ಸರಿಸಬೇಕು. ಎಲೆಗೆ ಎಲೆ ತಾಗುವಷ್ಟು ಒತ್ತಾಗಿಟ್ಟ ಕುಂಡಗಳಲ್ಲಿ ನುಸಿ ನಡೆದೇ ದಾಟುತ್ತದೆ. ಬಲೆ ಕಟ್ಟಿದ ಕುಡಿಗಳನ್ನು, ಪೂರಾ ಕಂದಾದ ಎಲೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಒಂದೆರಡು ದಿನ ಬಿಸಿಲಿಗೆ ಇಟ್ಟು ಆಮೇಲೆ ಕಸಕ್ಕೆ ಹಾಕಬೇಕು. ಹಾಗೇ ತಿಪ್ಪೆಗೆ ಎಸೆದರೆ ಒಣಗುವ ಎಲೆಯನ್ನು ಬಿಟ್ಟು ನುಸಿ ಮತ್ತೆ ಹಸಿರನ್ನು ಹುಡುಕಿಕೊಂಡು ಹೊರಡುತ್ತದೆ. ಅನಂತರ ಕುಂಡದ ಬಾಯಿಗೆ ಬಟ್ಟೆ ಸುತ್ತಿ ಮಣ್ಣು ಬೀಳದಂತೆ ಮಾಡಿ, ಗಿಡವನ್ನು ಬಚ್ಚಲಿನಲ್ಲಿ ಓರೆಯಾಗಿ ಹಿಡಿದು, ಎಲೆಯ ಅಡಿಭಾಗಕ್ಕೆ ಬೀಳುವಂತೆ ಕೆಳಗಿನಿಂದ ಮೇಲಕ್ಕೆ ನೀರನ್ನು ಬಿರುಸಾಗಿ ಚಿಮ್ಮಿಸಬೇಕು. ಮೇಲಿನಿಂದ ಸುರಿದ ನೀರು ಎಲೆಯ ಬೆನ್ನಿನಿಂದ ಜಾರಿಹೋಗುತ್ತದೆಯೇ ಹೊರತು ನುಸಿಯನ್ನು ಮುಟ್ಟುವುದಿಲ್ಲ, ಬಹಳ ಜನರ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಕ್ರೋಟನ್, ಅಲಂಕಾರದ ತಾಳೆ ಮೊದಲಾದ ಅಗಲ ಎಲೆಯ ಗಿಡಗಳಲ್ಲಿ ಎಡಗೈಯನ್ನು ಎಲೆಯ ಮೇಲೆ ಆನಿಸಿ, ಬಲಗೈಯ ಒದ್ದೆ ಬಟ್ಟೆಯಿಂದ ಅಡಿಭಾಗವನ್ನು ತೊಟ್ಟಿನಿಂದ ತುದಿಯವರೆಗೆ ಒಂದೊಂದಾಗಿ ಒರೆಸುವುದು ಇನ್ನೂ ಪರಿಣಾಮಕಾರಿ.

ಟ್ಯಾಂಕರಿಗೆ ಕಾಯುವ ದಿನಗಳಲ್ಲಿ ಗಿಡ ತೊಳೆಯಲು ನೀರೆಲ್ಲಿಂದ ತರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಸಣ್ಣ ಕುಂಡಗಳಾದರೆ ಒಂದೇ ಬಕೆಟ್ ಸಾಕಾಗುತ್ತದೆ: ಮಣ್ಣಿನ ಮೇಲೆ ಬಟ್ಟೆ ಕಟ್ಟಿದ ಕುಂಡವನ್ನು ತಲೆಕೆಳಗಾಗಿ ಹಿಡಿದು ಎಲೆಗಳೆಲ್ಲ ಮುಳುಗುವಂತೆ ಅದ್ದಿ, ಕೆಲವು ನಿಮಿಷ ಅತ್ತಿತ್ತ ಅಲುಗಿಸಿ ತೆಗೆಯಬೇಕು, ಮತ್ತು ಬಕೆಟಿನ ನೀರನ್ನು ಇನ್ನೊಂದು ಕುಂಡಕ್ಕೆ ಹಾಕದೆ ಹೊರಗಿನ ದೊಡ್ಡ ಮರದ ಬುಡಕ್ಕೆ ಸುರಿಯಬೇಕು. ತಗುಲಿದ ಗಿಡವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಮುಟ್ಟಿ, ಕೈಯನ್ನೂ ಕತ್ತರಿಯನ್ನೂ ತೊಳೆಯುವುದು ಒಳ್ಳೆಯದು, ಏಕೆಂದರೆ ಸೀರೆಯ ಸೆರಗೂ ನುಸಿಗೆ ಸವಾರಿಯಾಗಬಲ್ಲುದು.

ಒಂದು ಸಲ ತೊಳೆದಾಗ ಓಡಾಡುವ ನುಸಿಗಳಲ್ಲಿ ಬಹುಪಾಲು ಹೋಗುತ್ತವೆ, ಆದರೆ ಎಳೆಗಳಲ್ಲಿ ಸಿಕ್ಕಿಕೊಂಡ ಮೊಟ್ಟೆಗಳು ಉಳಿಯುತ್ತವೆ. ಬೇಸಿಗೆಯಲ್ಲಿ ಅವು ಮೂರು ನಾಲ್ಕು ದಿನಗಳಲ್ಲಿ ಒಡೆದು, ಅಲ್ಲಿಂದ ನಾಲ್ಕೈದು ದಿನಗಳಲ್ಲಿ ಹೊಸ ತಾಯಿಯಾಗುತ್ತವೆ. ಆದ್ದರಿಂದ ಮರಿಗಳು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮುನ್ನವೇ ಎರಡನೆಯ ತೊಳೆತ ಆಗಬೇಕು. ಮೂರು ನಾಲ್ಕು ದಿನಗಳಿಗೊಮ್ಮೆಯಂತೆ ಎರಡು ವಾರಗಳ ಕಾಲ ಬಿಡದೆ ಮಾಡಿ, ಆಮೇಲೆ ಬಿಳಿ ಕಾಗದದ ಪರೀಕ್ಷೆಯಲ್ಲಿ ಏನೂ ಚಲಿಸದಿದ್ದಾಗ ಮಾತ್ರ ಗಿಡವನ್ನು ಮೊದಲಿನ ಜಾಗಕ್ಕೆ ತರಬೇಕು. ಎಲೆಯ ಮೇಲಿನ ಬಿಳಿ ಚುಕ್ಕೆಗಳು ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರು ಕಲೆಯಿಲ್ಲದೆ ಬರುವುದೇ ಗುಣವಾದ ಲಕ್ಷಣ.

ನೀರೊಂದೇ ಸಾಲದಷ್ಟು ಪೀಡೆ ಬಲಿತಿದ್ದರೆ ಸಾಬೂನು ನೀರನ್ನು ಬಳಸಬಹುದು. ಒಂದು ಲೀಟರ್ ನೀರಿಗೆ ಸುಮಾರು 5 ಗ್ರಾಂ ಮೃದುವಾದ ಮೈಸಾಬೂನು ಸಾಕು, ಬಟ್ಟೆ ಒಗೆಯುವ ಪುಡಿ ಎಲೆಯನ್ನು ಸುಡುವುದರಿಂದ ಬೇಡ. ಈ ಭಾಗದ ಬಹಳಷ್ಟು ಬೋರ್‌ವೆಲ್‌ಗಳ ನೀರು ಗಡುಸಾದ ಸವಳು ನೀರು. ಅದರಲ್ಲಿ ಸಾಬೂನು ನೊರೆಗಟ್ಟದೆ ಬಿಳಿ ಗಸಿಯಾಗಿ ಒಡೆಯುತ್ತದೆ, ನುಸಿಯ ಮೈಗೆ ಅಂಟಿ ಅದನ್ನು ಕೊಲ್ಲುವ ಗುಣವನ್ನೂ ಕಳೆದುಕೊಳ್ಳುತ್ತದೆ. ಸಾಬೂನು ಕರಗಿಸುವ ಆ ಒಂದು ಲೀಟರನ್ನಾದರೂ ಶುದ್ಧ ನೀರಿನ ಘಟಕದ ಕ್ಯಾನಿನಿಂದ ತೆಗೆದುಕೊಳ್ಳಬೇಕು. ಇದಕ್ಕೆ 3ರಿಂದ 5 ಮಿಲಿಲೀಟರ್ ಬೇವಿನ ಎಣ್ಣೆ ಬೆರೆಸಿ ಚೆನ್ನಾಗಿ ಕಲಕಿದರೆ ಬಲ ಹೆಚ್ಚುತ್ತದೆ. ಬೇವಿನ ಹಣ್ಣು ಉದುರುವ ಕಾಲದಲ್ಲಿ ಬೀಜ ಆಯ್ದು ಒಣಗಿಸಿಟ್ಟುಕೊಂಡವರಿಗೆ ಎಣ್ಣೆ ಕೊಳ್ಳುವ ಅಗತ್ಯವೂ ಇಲ್ಲ: ತೊಗರಿಯ ಕಾಯಿಕೊರಕಕ್ಕೆ ರೈತರು ಮಾಡುವ ಶೇಕಡ 5ರ ಕಷಾಯವೇ, ಎಂದರೆ 50 ಗ್ರಾಂ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಸೋಸಿದ ದ್ರವವೇ, ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಮೊದಲು ಒಂದೆರಡು ಎಲೆಗಳಿಗೆ ಮಾತ್ರ ಹಚ್ಚಿ ಎರಡು ದಿನ ನೋಡಿ, ಸಂಜೆಯ ಹೊತ್ತು ಸಿಂಪಡಿಸಬೇಕು; ಬಿಸಿಲಿನಲ್ಲಿ ಎಣ್ಣೆ ಹಿಡಿದ ಎಲೆ ಬೆಂದುಹೋಗುತ್ತದೆ. ದ್ರಾಕ್ಷಿಯ ಬೂದಿರೋಗಕ್ಕೆ ಬಳಸುವ ನೀರಿನಲ್ಲಿ ಬೆರೆಯುವ ಗಂಧಕವೂ ನುಸಿಯನ್ನು ಕೊಲ್ಲುತ್ತದೆಯಾದರೂ, ಸುಮಾರು 32 ಡಿಗ್ರಿ ಮೀರಿದ ಉಷ್ಣತೆಯಲ್ಲಿ ಮತ್ತು ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೆ ಅದು ಗಿಡವನ್ನೇ ಸುಡುವುದರಿಂದ ಇಲ್ಲಿಯ ಬೇಸಿಗೆಗೆ ಒಗ್ಗುವುದಿಲ್ಲ. ಎಲೆಗೆ ಬೂದಿ ಎರಚುವುದರಿಂದ ದೂಳಿನ ಮೇಲೆ ಇನ್ನಷ್ಟು ದೂಳು ಸೇರುತ್ತದೆ, ಅಷ್ಟೆ.

ತುಳಸಿಯ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ದಿನವೂ ಮಿಂದು ಬಂದು ನೀರೆರೆಯುವ ಮನೆಗಳಲ್ಲಿಯೂ ಆ ನೀರು ಬುಡಕ್ಕೆ ಮಾತ್ರ ಸೇರುತ್ತದೆ. ಎಲೆಯ ಅಡಿ ತಿಂಗಳುಗಟ್ಟಲೆ ಒಣಗಿಯೇ ಇರುತ್ತದೆ. ಎರೆಯುವ ತಂಬಿಗೆಯ ನೀರಿನಲ್ಲಿ ಸ್ವಲ್ಪವನ್ನು ಅಂಗೈಯಿಂದ ಎಲೆಗಳ ಅಡಿಗೆ ಚಿಮುಕಿಸುವುದನ್ನು ರೂಢಿಸಿಕೊಂಡರೆ ಬೇಸಿಗೆಯುದ್ದಕ್ಕೂ ನುಸಿ ನೆಲೆಯೂರುವುದು ಕಷ್ಟವಾಗುತ್ತದೆ. ತೆನೆಗಳನ್ನು ಆಗಾಗ ಚಿವುಟುವುದರಿಂದ, ದಳ ಕೀಳಬಾರದೆಂದು ಮನೆಯಲ್ಲಿ ಆಚರಿಸುವ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಕುಡಿ ಸವರುವುದರಿಂದ ಗಿಡ ಚಿಗುರುತ್ತದೆಯೇ ಹೊರತು ಸಾಯುವುದಿಲ್ಲ. ತಿನ್ನುವ ಗಿಡಗಳಾದ ತುಳಸಿ, ಕರಿಬೇವು, ಪುದೀನಗಳಿಗೆ ನೀರನ್ನಲ್ಲದೆ ಬೇರೇನನ್ನೂ ಬಳಸದಿರುವುದೇ ಲೇಸು.

ಮುಂಜಾಗ್ರತೆಯಲ್ಲಿ ಎರಡು ಮೂರು ಸಂಗತಿಗಳು ಮುಖ್ಯವಾದವು. ನರ್ಸರಿಯಿಂದಾಗಲಿ, ಆಂಧ್ರದ ಕಡಿಯಂ ಕಡೆಯಿಂದ ಬರುವ ಸಸಿಗಳ ಗಾಡಿಯಿಂದಾಗಲಿ ಕೊಂಡ ಹೊಸ ಗಿಡವನ್ನು ಎರಡು ವಾರ ಬೇರೆಯೇ ಇಡಬೇಕು. ಏರ್ ಕೂಲರ್ ಇರುವ ಮನೆಗಳಲ್ಲಿ ಅದರ ತೇವದ ಗಾಳಿ ಗಿಡಕ್ಕೆ ಹಿತವಾದದ್ದು, ಆದರೆ ಗಾಳಿಯ ನೇರ ದಾರಿಯಲ್ಲಿ ತಗುಲಿದ ಕುಂಡವಿದ್ದರೆ ಅದೇ ಗಾಳಿ ನುಸಿಯನ್ನು ಕೋಣೆಯೆಲ್ಲ ಹರಡುತ್ತದೆ. ಯೂರಿಯಾ ಹಾಕಿದ ಗಿಡದ ಎಲೆಯಲ್ಲಿ ಸಾರಜನಕ ಹೆಚ್ಚಿ ನುಸಿಗೆ ಪುಷ್ಟಿಯಾದ ಆಹಾರವಾಗುತ್ತದೆ, ನೀರಿಲ್ಲದೆ ಬಾಡಿದ ಗಿಡವೂ ಅದಕ್ಕೆ ಬೇಗ ಸೋಲುತ್ತದೆ. ಹದವರಿತ ನೀರು, ಸ್ವಲ್ಪ ಎರೆಗೊಬ್ಬರ ಸಾಕು.

ಎಲ್ಲ ನುಸಿಯೂ ಜೇಡನುಸಿಯಲ್ಲವೆಂಬುದನ್ನು ತೊಗರಿ ಬೆಳೆಯುವ ಮನೆಗಳಿಗೆ ವಿವರಿಸುವುದು ಕಷ್ಟವಲ್ಲ. ತೊಗರಿ ಹೂ ಬಿಡದೆ, ಎಲೆ ಚಿಕ್ಕದಾಗಿ ಹಸಿರು ಹಳದಿಯ ಮಚ್ಚೆಗಟ್ಟುವ ಗೊಡ್ಡುರೋಗದ ವೈರಾಣುವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಎರಿಯೋಫಿಡ್ ಎಂಬ, ಜೇಡನುಸಿಗಿಂತಲೂ ಎಷ್ಟೋ ಚಿಕ್ಕದಾದ, ನಾಲ್ಕೇ ಕಾಲಿನ ನುಸಿ. ಮಲ್ಲಿಗೆಯ ಎಲೆ, ಮೊಗ್ಗುಗಳ ಮೇಲೆ ಬಿಳಿ ತುಪ್ಪಳ ಬೆಳೆಸುವುದೂ ಅದೇ ಕುಟುಂಬದ ಇನ್ನೊಂದು ಜಾತಿ. ಈ ಕುಟುಂಬದ ಭಾರತೀಯ ಜಾತಿಗಳ ಕುರಿತು 1966ರಲ್ಲಿ ಆಧಾರಗ್ರಂಥವನ್ನು ಹೊರತಂದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣನವರು, ಲೋಕದ ನುಸಿತಜ್ಞರೆಲ್ಲ ಸೇರುವ ಅಂತರರಾಷ್ಟ್ರೀಯ ಸಮಾವೇಶ 1986ರಲ್ಲಿ ಬೆಂಗಳೂರಿನಲ್ಲಿ ನಡೆದಿತ್ತು. ನುಸಿಯ ವಿಷಯದಲ್ಲಿ ಇಷ್ಟು ಆಳವಾದ ಅರಿವು ಕನ್ನಡ ನಾಡಿನಲ್ಲೇ ಬೆಳೆದಿರುವಾಗ, ಅದು ಹಳ್ಳಿಯ ಪಡಸಾಲೆಯನ್ನು ತಲುಪದೆ ಅಂಗಡಿಯವರ ಊಹೆಯೇ ಸಲಹೆಯಾಗಿ ಉಳಿದಿರುವುದು ದುಃಖದ ಸಂಗತಿ.

ಎರಡು ವಾರಗಳ ಉಪಚಾರದ ನಂತರವೂ ಗಿಡ ಚೇತರಿಸಿಕೊಳ್ಳದಿದ್ದರೆ, ತಗುಲಿದ ನಾಲ್ಕಾರು ಎಲೆಗಳನ್ನು ಒದ್ದೆ ಮಾಡದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಬಿಸಿಲು ತಾಗದಂತೆ ಅಂದೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೋ, ಅಥವಾ ಕಲಬುರಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಬಹುದು. ಅದುವರೆಗೆ ಏನೇನು ಸಿಂಪಡಿಸಲಾಗಿದೆ, ಯಾವ ದಿನ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ ಅಲ್ಲಿಯ ವಿಜ್ಞಾನಿಗಳಿಗೆ ಕಾರಣ ಪತ್ತೆಹಚ್ಚಲು ನೆರವಾಗುತ್ತದೆ.